ಕಾನ್ಸುಲೇಟಿಗೆ ಬಾಡಿಗೆಗೆ ಕೊಟ್ಟರೆ ನಮ್ಮ ಜಾಗ ಪರದೇಶದ ನೆಲ ಆಗುತ್ತದೆಯೇ?

ಪ್ರಶ್ನೆ: ನಾವು ಮುಂಬೈನ ಮಾಟುಂಗಾದಲ್ಲಿ ಇದ್ದೇವೆ, ಊರು ಕುಂದಾಪುರದ ಹತ್ತಿರ. ತಂದೆಯವರು ಹೋಟೆಲ್ ನಡೆಸುತ್ತಿದ್ದ ಕಾಲದಲ್ಲಿ ನರೀಮನ್ ಪಾಯಿಂಟ್‌ನಲ್ಲಿ ಒಂದು ಕಚೇರಿ ಜಾಗ ಕೊಂಡಿದ್ದರು. ಈಗ ಅದು ನನ್ನ ಮತ್ತು ಅಣ್ಣನ ಹೆಸರಿನಲ್ಲಿದೆ. ಒಂದು ಪುಟ್ಟ ದ್ವೀಪ ದೇಶದ ಕಾನ್ಸುಲೇಟಿಗೆ ಆ ಜಾಗ ಬಾಡಿಗೆಗೆ ಬೇಕಂತೆ, ಬ್ರೋಕರ್ ಬಂದು ಹೇಳಿದ. ಅಣ್ಣ ಬೇಡವೇ ಬೇಡ ಅನ್ನುತ್ತಾರೆ. "ಒಮ್ಮೆ ಕೊಟ್ಟರೆ ಅದು ಅವರ ದೇಶದ ನೆಲ. ಪೊಲೀಸರೂ ಒಳಗೆ ಹೋಗುವ ಹಾಗಿಲ್ಲ, ಬಾಡಿಗೆ ಕೊಡದಿದ್ದರೆ ಕೋರ್ಟಿಗೂ ಹೋಗುವ ಹಾಗಿಲ್ಲ" ಅನ್ನುವುದು ಅವರ ವಾದ. ಬೆಂಕಿ ಬಿದ್ದರೆ ಏನು ಗತಿ, ಬಾವುಟ ಎಲ್ಲಿ ಕಟ್ಟುತ್ತಾರೆ ಅಂತ ಸೊಸೈಟಿಯವರು ಕೇಳುತ್ತಿದ್ದಾರೆ. ದೆಹಲಿಯಲ್ಲಿ ಎಂಬಸಿ ಇರುವಾಗ ಅವರಿಗೆ ಮುಂಬೈನಲ್ಲಿ ಜಾಗ ಯಾಕೆ? ನಾವು ಕೊಡಬಹುದಾ?

ಉತ್ತರ: ನಿಮ್ಮ ಅಣ್ಣನವರ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಸ್ವಲ್ಪ ಬರೀ ಹೆದರಿಕೆ ಇದೆ. ಎರಡನ್ನೂ ಬಿಡಿಸಿ ನೋಡೋಣ. ಮುಂಬೈನಲ್ಲಿ ಇಂಥ ಬಾಡಿಗೆ ಕರಾರುಗಳನ್ನು ಬರೆಯುವುದು ನನ್ನ ಕಸುಬು. ಹಾಗಾಗಿ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಂದಿರುವುದು ನಿಜವಾಗಿ ಒಂದು ಸರ್ಕಾರದ ಕಾನ್ಸುಲೇಟ್ ಆಗಿದ್ದರೆ ಕೊಡಿ. ಆದರೆ ಕರಾರು ಸರಿಯಾಗುವವರೆಗೆ ಕೀಲಿಕೈ ಕೊಡಬೇಡಿ.

ಮೊದಲು ನೆಲದ ಮಾತು. ರಾಯಭಾರ ಕಚೇರಿ (ಎಂಬಸಿ) ಅಂದರೆ ಆ ದೇಶದ ನೆಲ ಅಂತ ಎಲ್ಲರೂ ಹೇಳುತ್ತಾರೆ. ಕಾನೂನಿನಲ್ಲಿ ಹಾಗಿಲ್ಲ. ನಿಮ್ಮ ಜಾಗ ಭಾರತದ ನೆಲವಾಗಿಯೇ ಇರುತ್ತದೆ. ಮಾಲೀಕರು ನೀವಿಬ್ಬರೇ. ಅಲ್ಲಿ ಕಳ್ಳತನ ನಡೆದರೆ ಅದು ನಮ್ಮ ಕಾನೂನಿನ ಪ್ರಕಾರವೇ ಅಪರಾಧ. ಅಲ್ಲೇ ಒಂದು ಮಗು ಹುಟ್ಟಿದರೂ ಅದು ಹುಟ್ಟಿದ್ದು ಮುಂಬೈನಲ್ಲೇ. ಬದಲಾಗುವುದು ಬಾಗಿಲು ಮಾತ್ರ. ಕಾನ್ಸುಲೇಟಿನವರ ಒಪ್ಪಿಗೆ ಇಲ್ಲದೆ ನಮ್ಮ ಪೊಲೀಸರಾಗಲಿ, ಪಾಲಿಕೆಯವರಾಗಲಿ ಆ ಬಾಗಿಲು ದಾಟಬಾರದು. ಅಷ್ಟೇ ವ್ಯತ್ಯಾಸ. ಆದರೆ ಅದು ಸಣ್ಣ ವ್ಯತ್ಯಾಸವೂ ಅಲ್ಲ.

ಇದಕ್ಕೆ ಎರಡು ಅಂತರರಾಷ್ಟ್ರೀಯ ಒಪ್ಪಂದಗಳಿವೆ. ಎರಡೂ ವಿಯೆನ್ನಾದಲ್ಲಿ ಆದವು, ಅದಕ್ಕೇ ಜನ ಒಂದನ್ನು ಇನ್ನೊಂದು ಅಂದುಕೊಳ್ಳುತ್ತಾರೆ. 1961ರದ್ದು ಎಂಬಸಿಗಳಿಗೆ, 1963ರದ್ದು ಕಾನ್ಸುಲೇಟುಗಳಿಗೆ, ಅಂದರೆ ವೀಸಾ, ವ್ಯಾಪಾರದಂಥ ಕೆಲಸ ನೋಡುವ ಕಚೇರಿಗಳಿಗೆ. ಎಂಬಸಿಯ ರಕ್ಷಣೆ ಬಹಳ ಬಿಗಿ. ಮುಖ್ಯಸ್ಥರ ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡುವಂತಿಲ್ಲ, ಅದಕ್ಕೆ ವಿನಾಯಿತಿಯನ್ನೇ ಬರೆದಿಲ್ಲ. ಕಾನ್ಸುಲೇಟಿನ ವಿಷಯದಲ್ಲಿ ಎರಡು ಸಡಿಲಿಕೆ ಇವೆ. ಮೊದಲನೆಯದು, ರಕ್ಷಣೆ ಇರುವುದು ಕಾನ್ಸುಲೇಟ್ ಕೆಲಸಕ್ಕೆಂದೇ ಬಳಸುವ ಭಾಗಕ್ಕೆ ಮಾತ್ರ. ಎರಡನೆಯದು, ಬೆಂಕಿ ಬಿದ್ದರೆ ಅಥವಾ ತಕ್ಷಣ ಕೈಹಾಕಲೇಬೇಕಾದ ಬೇರೆ ಅನಾಹುತ ಆದರೆ ಒಪ್ಪಿಗೆ ಸಿಕ್ಕಿದೆ ಎಂದೇ ತಿಳಿಯಬಹುದು. ಇದು 1963ರ ಒಪ್ಪಂದದ 31ನೇ ವಿಧಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಸೊಸೈಟಿ ಮೀಟಿಂಗಿನಲ್ಲಿ ಬೆಂಕಿಯ ಪ್ರಶ್ನೆ ಬಂದರೆ ಆ ವಿಧಿಯನ್ನೇ ಓದಿ ಹೇಳಿ. ಫೈರ್ ಬ್ರಿಗೇಡ್ ಬಾಗಿಲಲ್ಲಿ ಕಾಯುತ್ತಾ ನಿಲ್ಲಬೇಕಾಗಿಲ್ಲ.

ಬಾಗಿಲಿನ ಶಕ್ತಿ ಎಷ್ಟು ಅನ್ನುವುದಕ್ಕೆ ಲಂಡನ್ನಿನ ಉದಾಹರಣೆ ನೋಡಿ. ನೈಟ್ಸ್‌ಬ್ರಿಜ್‌ನ ಹ್ಯಾರಡ್ಸ್ ಅಂಗಡಿಯ ಹತ್ತಿರ ಹ್ಯಾನ್ಸ್ ಕ್ರೆಸೆಂಟ್‌ನಲ್ಲಿ ಒಂದು ಕೆಂಪು ಇಟ್ಟಿಗೆಯ ಕಟ್ಟಡ ಇದೆ. ಈಕ್ವೆಡಾರ್ ದೇಶದ ಎಂಬಸಿ ಅಲ್ಲಿ ಒಂದು ಫ್ಲಾಟಿನಲ್ಲಿದೆ. ಅದೇ ಕಟ್ಟಡದಲ್ಲಿ ಕೊಲಂಬಿಯಾದ ಎಂಬಸಿಯೂ ಇದೆ. 2012ರ ಜೂನ್‌ನಲ್ಲಿ ವಿಕಿಲೀಕ್ಸ್ ಸ್ಥಾಪಕ ಜೂಲಿಯನ್ ಅಸಾಂಜ್ ಬಂಧನದಿಂದ ತಪ್ಪಿಸಿಕೊಳ್ಳಲು ಈಕ್ವೆಡಾರ್ ಫ್ಲಾಟಿನೊಳಗೆ ಹೋದರು. 2019ರ ಏಪ್ರಿಲ್‌ವರೆಗೆ ಹೊರಗೆ ಬರಲಿಲ್ಲ. ಬ್ರಿಟನ್ ಪೊಲೀಸರು ವರ್ಷಗಟ್ಟಲೆ ಹೊರಗೆ ಹಗಲು ರಾತ್ರಿ ಕಾವಲು ಕಾದರು, ಕೋಟಿಗಟ್ಟಲೆ ಹಣ ಸುರಿದರು, ಆದರೂ ಬಾಗಿಲು ದಾಟಲಿಲ್ಲ. ಕೊನೆಗೆ ರಾಯಭಾರಿಯೇ ಕರೆದ ಮೇಲೆ ಒಳಗೆ ಹೋಗಿ ಹಿಡಿದರು. ಇದರಲ್ಲಿ ನಿಮಗೆ ಬೇಕಾದ ಅಂಶ ಒಂದಿದೆ. ಆ ಏಳು ವರ್ಷವೂ ಕಟ್ಟಡ ಬ್ರಿಟನ್ ನೆಲದಲ್ಲೇ ಇತ್ತು. ರಕ್ಷಣೆ ಇದ್ದದ್ದು ಎಂಬಸಿಯ ಫ್ಲಾಟಿಗೆ, ಇಡೀ ಬಿಲ್ಡಿಂಗಿಗಲ್ಲ. ನಿಮ್ಮ ಕಟ್ಟಡದ ಲಿಫ್ಟು, ಮೆಟ್ಟಿಲು, ಕಾರಿಡಾರ್ ಎಲ್ಲಾ ಸೊಸೈಟಿಯದ್ದಾಗಿಯೇ ಉಳಿಯುತ್ತವೆ.

ಈಗ ನಿಮ್ಮ ಮೊದಲ ಕೆಲಸ. ಬ್ರೋಕರ್ "ಕಾನ್ಸುಲೇಟ್" ಅಂದ ತಕ್ಷಣ ನಂಬಬೇಡಿ. ಸುಳ್ಳು ಹೇಳುತ್ತಾನೆ ಅಂತಲ್ಲ, ಆ ಹೆಸರಿನಲ್ಲಿ ಎರಡು ಬೇರೆಬೇರೆ ವ್ಯವಸ್ಥೆಗಳಿವೆ. ಒಂದು, ಆ ದೇಶದ ಸರ್ಕಾರಿ ನೌಕರರೇ ಬಂದು ಕೂತು ಕೆಲಸ ಮಾಡುವ ಕಾನ್ಸುಲೇಟ್. ಇನ್ನೊಂದು, ಆನರರಿ ಕಾನ್ಸುಲ್. ಇವರು ಸಾಮಾನ್ಯವಾಗಿ ಇಲ್ಲಿನವರೇ ಆದ ಒಬ್ಬ ಉದ್ಯಮಿ. ತಮ್ಮ ವ್ಯವಹಾರದ ಜೊತೆಗೆ ಆ ದೇಶದ ಕೆಲಸವನ್ನೂ ನೋಡಿಕೊಳ್ಳುತ್ತಾರೆ. ಮುಂಬೈನಲ್ಲಿ ಪುಟ್ಟ ದೇಶಗಳ ಕೆಲಸ ಜಾಸ್ತಿ ನಡೆಯುವುದು ಹೀಗೆಯೇ. ಆನರರಿ ಕಾನ್ಸುಲರ ಕಚೇರಿಗೆ ನಾನು ಮೇಲೆ ಹೇಳಿದ ಬಾಗಿಲಿನ ರಕ್ಷಣೆ ಇಲ್ಲ. ದೇಶದ ಕಾಗದಪತ್ರಗಳನ್ನು ತಮ್ಮ ಸ್ವಂತ ಕಾಗದಗಳಿಂದ ಬೇರೆ ಇಟ್ಟಿದ್ದರೆ ಆ ಕಾಗದಗಳಿಗೆ ಮಾತ್ರ ರಕ್ಷಣೆ. ಹಾಗಾಗಿ ಬಾಡಿಗೆ ಕರಾರಿಗೆ ಸಹಿ ಹಾಕುವವರು ಯಾರು ಅಂತ ಕೇಳಿ. ಆ ದೇಶದ ಸರ್ಕಾರವೋ, ಒಬ್ಬ ವ್ಯಕ್ತಿಯೋ, ಅವರ ಕಂಪನಿಯೋ? ಮುಂದಿನದೆಲ್ಲ ಈ ಉತ್ತರದ ಮೇಲೆ ನಿಂತಿದೆ. ಭಾರತ ಸರ್ಕಾರದ ಒಪ್ಪಿಗೆ ಇಲ್ಲದೆ ಯಾವ ದೇಶವೂ ಇಲ್ಲಿ ಕಾನ್ಸುಲೇಟ್ ತೆರೆಯುವಂತಿಲ್ಲ. ಯಾವ ಊರು, ಯಾವ ದರ್ಜೆ, ಯಾವ ರಾಜ್ಯಗಳವರೆಗೆ ವ್ಯಾಪ್ತಿ ಅನ್ನುವುದಕ್ಕೂ ಒಪ್ಪಿಗೆ ಬೇಕು. ಆ ಒಪ್ಪಿಗೆಯ ಪತ್ರದ ಪ್ರತಿ ಕೇಳಿ. ಸಂಶಯ ಇದ್ದರೆ ವಿದೇಶಾಂಗ ಸಚಿವಾಲಯದ ಶಾಖೆ ಮುಂಬೈನಲ್ಲೇ ಇದೆ, ಮಹಾರಾಷ್ಟ್ರ ಸರ್ಕಾರದ ಸಚಿವಾಲಯವಾದ ಮಂತ್ರಾಲಯದಲ್ಲಿ ರಾಜ್ಯದ ಪ್ರೋಟೋಕಾಲ್ ವಿಭಾಗವೂ ಇದೆ. ಕೇಳಲು ಸಂಕೋಚ ಬೇಡ.

ಅಣ್ಣನವರ ಹೆದರಿಕೆ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ಪಗಡಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಕಾಯಮ್ಮಾಗಿ ಇರುವ ಪದ್ಧತಿ) ಕಾಲದ ಮುಂಬೈ ನೋಡಿದವರಿಗೆ ಬಾಡಿಗೆದಾರ ಅಂದರೆ ಮತ್ತೆ ಏಳದವನು. 1947ರ ಬಾಂಬೆ ಬಾಡಿಗೆ ಕಾಯಿದೆಯಲ್ಲಿ ಬಾಡಿಗೆ ಎಷ್ಟೋ ಕಟ್ಟಡಗಳಲ್ಲಿ 1940ರ ಮಟ್ಟಕ್ಕೇ ನಿಂತುಬಿಟ್ಟಿತ್ತು. ಖಾಲಿ ಮಾಡಿಸುವುದು ಒಂದು ತಲೆಮಾರಿನ ಕೆಲಸವಾಗಿತ್ತು. ನಮ್ಮ ಎಷ್ಟೋ ಹೋಟೆಲಿನವರು ಬಾಡಿಗೆದಾರರಾಗಿ ಅದರ ಅನುಕೂಲವನ್ನೂ ಕಂಡಿದ್ದಾರೆ, ಮಾಲೀಕರಾಗಿ ಕಷ್ಟವನ್ನೂ ಕಂಡಿದ್ದಾರೆ. ಆದರೆ ಈಗಿನ ಕಾನೂನು ಬೇರೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 1999ರದ್ದು, ಜಾರಿಗೆ ಬಂದದ್ದು 2000ದ ಮಾರ್ಚ್ 31ರಿಂದ. ಅದರ 3ನೇ ಸೆಕ್ಷನ್ ಕೆಲವರನ್ನು ಕಾಯಿದೆಯಿಂದಲೇ ಹೊರಗಿಟ್ಟಿದೆ. ಬ್ಯಾಂಕುಗಳು, ಬಹುರಾಷ್ಟ್ರೀಯ ಕಂಪನಿಗಳು, ಒಂದು ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಪಾವತಿಯಾದ ಷೇರು ಬಂಡವಾಳ ಇರುವ ಕಂಪನಿಗಳು, ಅವುಗಳ ಜೊತೆಗೆ ವಿದೇಶಿ ದೂತಾವಾಸಗಳೂ ಆ ಪಟ್ಟಿಯಲ್ಲಿವೆ. ಅಂದರೆ ಬಾಡಿಗೆ ಎಷ್ಟು, ಅವಧಿ ಎಷ್ಟು, ಏರಿಕೆ ಎಷ್ಟು ಎಲ್ಲಾ ಕರಾರಿನ ಪ್ರಕಾರ. ಅವಧಿ ಮುಗಿದ ಮೇಲೂ ಬಾಡಿಗೆ ಕಾಯಿದೆ ತೋರಿಸಿ ಕೂರುವ ಹಕ್ಕು ಅವರಿಗಿಲ್ಲ.

ಇನ್ನು ಕೋರ್ಟಿನ ಮಾತು. ಅಣ್ಣನವರು ಇಲ್ಲಿ ಬಹುಪಾಲು ಸರಿ. ಸಿವಿಲ್ ಪ್ರೊಸೀಜರ್ ಕೋಡ್‌ನ 86ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ವಿದೇಶಿ ಸರ್ಕಾರದ ಮೇಲೆ ದಾವೆ ಹಾಕುವಂತಿಲ್ಲ. ಗೆದ್ದ ಮೇಲೆ ಡಿಕ್ರಿ, ಅಂದರೆ ಕೋರ್ಟಿನ ತೀರ್ಮಾನ, ಜಾರಿ ಮಾಡಿಸಲು ಇನ್ನೊಂದು ಒಪ್ಪಿಗೆ ಬೇಕು. ವಿದೇಶಿ ಸರ್ಕಾರದಿಂದ ಜಾಗ ಬಾಡಿಗೆಗೆ ಪಡೆದವರು ಮಾತ್ರ ಒಪ್ಪಿಗೆ ಇಲ್ಲದೆ ದಾವೆ ಹಾಕಬಹುದು. ನಿಮ್ಮದು ಉಲ್ಟಾ ಸ್ಥಿತಿ, ನೀವು ಮಾಲೀಕರು, ಅವರು ಬಾಡಿಗೆದಾರರು. ಹಾಗಾಗಿ ನಿಮಗೆ ಒಪ್ಪಿಗೆ ಬೇಕೇ ಬೇಕು. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಯಾವ ಸಂದರ್ಭದಲ್ಲಿ ಒಪ್ಪಿಗೆ ಕೊಡಬಹುದು ಅಂತ ಅದೇ ಸೆಕ್ಷನ್ ಹೇಳುತ್ತದೆ. ಆ ಸರ್ಕಾರ ಇಲ್ಲಿ ಸ್ಥಿರಾಸ್ತಿ ಹಿಡಿದುಕೊಂಡಿದ್ದು, ದಾವೆ ಆ ಆಸ್ತಿಯ ಬಗ್ಗೆಯೇ ಇದ್ದರೆ ಅದು ಅಂಥ ಒಂದು ಸಂದರ್ಭ. ದಾವೆಯಿಂದ ತನಗಿರುವ ವಿನಾಯಿತಿಯನ್ನು ಆ ಸರ್ಕಾರ ತಾನೇ ಬಿಟ್ಟುಕೊಟ್ಟಿದ್ದರೆ ಅದು ಇನ್ನೊಂದು. ಎರಡನೆಯದನ್ನು ನೀವು ಕರಾರಿನಲ್ಲೇ ಬರೆಸಿಕೊಳ್ಳಬಹುದು. ಅವರ ರಾಜಧಾನಿಯ ವಕೀಲರು ಒಮ್ಮೊಮ್ಮೆ ಇದಕ್ಕೆ ತಕರಾರು ತೆಗೆಯುತ್ತಾರೆ. ಪೂರ್ತಿ ಬಿಟ್ಟುಕೊಡಲು ಒಪ್ಪದಿದ್ದರೆ "ಈ ಬಾಡಿಗೆ ಮತ್ತು ಈ ಜಾಗದ ಸ್ವಾಧೀನದ ವ್ಯಾಜ್ಯಕ್ಕೆ ಮಾತ್ರ" ಅಂತ ಬರೆಸಿ. ಅಷ್ಟಕ್ಕೆ ಹೆಚ್ಚಿನವರು ಒಪ್ಪುತ್ತಾರೆ.

ಕೇಂದ್ರ ಸರ್ಕಾರ ಸುಮ್ನೆ ಇಲ್ಲ ಅಂದುಬಿಟ್ಟರೆ? ಇಂಥ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ದೆಹಲಿಯಲ್ಲಿ ಅಲ್ಜೀರಿಯಾ ಎಂಬಸಿಯ ಕಟ್ಟಡಕ್ಕೆ ರಿಪೇರಿ ಕೆಲಸ ಮಾಡಿದ ಗುತ್ತಿಗೆದಾರರಿಗೆ ಬಿಲ್ಲಿನ ಹಣ ಬರಲಿಲ್ಲ. ದಾವೆಗೆ ಒಪ್ಪಿಗೆ ಕೇಳಿದರೆ ರಾಜಕೀಯ ಕಾರಣ ಹೇಳಿ ಕೇಂದ್ರ ನಿರಾಕರಿಸಿತು. 1986ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸೆಕ್ಷನ್ನಿನಲ್ಲಿ ಇರುವ ಅಂಶಗಳನ್ನು ನೋಡಿ, ಕಾರಣ ಕೊಟ್ಟು, ಮತ್ತೆ ತೀರ್ಮಾನಿಸಿ ಎಂದು ಹೇಳಿತು. ನನಗೆ ಈ ತೀರ್ಪಿನ ಮೇಲೆ ಬಹಳ ಗೌರವ. ಕಟ್ಟಡಕ್ಕೆ ಸುಣ್ಣ ಬಳಿದವನ ದುಡ್ಡಿಗೂ ದೇಶದೇಶಗಳ ಸ್ನೇಹಕ್ಕೂ ಸಂಬಂಧ ಕಟ್ಟಬಾರದು ಅನ್ನುವ ನ್ಯಾಯ ಅದರಲ್ಲಿದೆ.

ಕರಾರಿನಲ್ಲಿ ಆರ್ಬಿಟ್ರೇಷನ್ (ಕೋರ್ಟಿನ ಬದಲು ಮಧ್ಯಸ್ಥರಿಂದ ತೀರ್ಮಾನ) ಹಾಕಿಬಿಡಿ, ಎಲ್ಲಾ ಸರಿಹೋಗುತ್ತದೆ ಅಂತ ಯಾರಾದರೂ ಹೇಳಬಹುದು. ದೆಹಲಿಯ ಅಫ್ಘಾನಿಸ್ತಾನ ಎಂಬಸಿಯ ಕಟ್ಟಡದ ಕೆಲಸ ಮಾಡಿದ ಕಂಪನಿಯೊಂದಕ್ಕೆ ಆರ್ಬಿಟ್ರೇಷನ್ ತೀರ್ಪು ಜಾರಿ ಮಾಡಿಸಲು ಕೇಂದ್ರದ ಒಪ್ಪಿಗೆ ಬೇಕಿಲ್ಲ ಎಂದು 2021ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದು ನಿಜ. ಆದರೆ ಅದು ಗುತ್ತಿಗೆ ಕೆಲಸದ ವ್ಯವಹಾರ. ಮುಂಬೈನಲ್ಲಿ ಬಾಡಿಗೆ ಮತ್ತು ಲೀವ್ ಅಂಡ್ ಲೈಸೆನ್ಸ್ (ಗೊತ್ತಾದ ಅವಧಿಗೆ ಬಳಸಲು ಅನುಮತಿ ಕೊಡುವ ಕರಾರು) ವ್ಯಾಜ್ಯಗಳು ಧೋಬಿ ತಲಾವ್‌ನ ಸ್ಮಾಲ್ ಕಾಸಸ್ ಕೋರ್ಟಿಗೆ ಸೇರಿದವು. ಆರ್ಬಿಟ್ರೇಷನ್ ಒಂದನ್ನೇ ನಂಬಿ ಕೂರಬೇಡಿ.

ಇಷ್ಟೆಲ್ಲಾ ಇರುವುದರಿಂದಲೇ ನಾನು ಹೇಳುವುದು, ಕೋರ್ಟಿನ ದಾರಿಯನ್ನು ಕೊನೆಗೆ ಇಡಿ. ಹಣವನ್ನು ಮೊದಲೇ ಇಟ್ಟುಕೊಳ್ಳಿ. ಪುಟ್ಟ ದೇಶಗಳು ಬಾಡಿಗೆ ನುಂಗುವುದನ್ನು ನಾನು ಅಷ್ಟಾಗಿ ಕಂಡಿಲ್ಲ, ತಡ ಮಾಡುವುದನ್ನು ಕಂಡಿದ್ದೇನೆ. ಅವರ ಹಣ ರಾಜಧಾನಿಯ ಹಣಕಾಸು ಇಲಾಖೆಯಿಂದ ಬರಬೇಕು. ಅಲ್ಲಿ ಬಜೆಟ್ ತಡವಾದರೆ ಇಲ್ಲಿ ಕಾನ್ಸುಲ್ ಕೈ ಕಟ್ಟಿಕೊಂಡು ಕೂರಬೇಕಾಗುತ್ತದೆ. ಪಾಪ, ಅವರು ಎಷ್ಟೋ ಸಲ ಮಾಲೀಕರ ಮುಂದೆ ತಾವೇ ಸಂಕೋಚ ಪಡುತ್ತಾರೆ. ತಿಂಗಳ ಬಾಡಿಗೆ ಬೇಡ, ಮೂರು ಅಥವಾ ಆರು ತಿಂಗಳದ್ದು ಮುಂಗಡ ಕೇಳಿ. ಸರ್ಕಾರಗಳಿಗೆ ಹಾಗೆ ಕೊಡುವುದೇ ಸುಲಭ. ಡಿಪಾಸಿಟ್ ಕೂಡ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಇರಲಿ.

ದೆಹಲಿ ಇರುವಾಗ ಮುಂಬೈ ಯಾಕೆ ಅಂತ ಕೇಳಿದ್ದೀರಿ. ಎಂಬಸಿ ಇರುವುದು ಸರ್ಕಾರ ಸರ್ಕಾರದ ಜೊತೆ ಮಾತಾಡಲು. ಕಾನ್ಸುಲೇಟ್ ಇರುವುದು ಜನ, ವ್ಯಾಪಾರ, ಹಡಗುಗಳಿಗಾಗಿ. ವೀಸಾ, ಪಾಸ್‌ಪೋರ್ಟ್, ಜನನ ಮರಣದ ದಾಖಲೆ, ಜೈಲಿಗೆ ಬಿದ್ದ ತಮ್ಮವರ ವಿಚಾರಣೆ, ಬಂದರಿನಲ್ಲಿ ಸಿಕ್ಕಿಹಾಕಿಕೊಂಡ ನಾವಿಕರು, ಇದೆಲ್ಲ ಅವರ ಕೆಲಸ. ಬಂದರು, ಬ್ಯಾಂಕು ಎರಡೂ ಇರುವ ಊರು ಅವರಿಗೆ ಬೇಕೇ ಬೇಕು. ಇಸ್ರೇಲನ್ನು ಭಾರತ 1950ರಲ್ಲೇ ಮಾನ್ಯ ಮಾಡಿತ್ತು. ಆದರೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆದದ್ದು 1992ರಲ್ಲಿ. ನಡುವೆ 1953ರಿಂದ ಆ ದೇಶಕ್ಕೆ ಭಾರತದಲ್ಲಿ ಇದ್ದದ್ದು ಬಾಂಬೆಯ ಕಾನ್ಸುಲೇಟ್ ಒಂದೇ. ಗೋವಾದ ಕತೆ ಇನ್ನೊಂದು ತರಹ. 1955ರಲ್ಲಿ ಕಡಿದುಹೋದ ಪೋರ್ಚುಗಲ್ ಸಂಬಂಧ ಮತ್ತೆ ಕೂಡಿದ್ದು 1974ರ ಕೊನೆಯಲ್ಲಿ. ಪಣಜಿಯಲ್ಲಿ ಅವರ ಕಾನ್ಸುಲೇಟ್ ಶುರುವಾದದ್ದು 1994ರಲ್ಲಿ. ಲಿಸ್ಬನ್ನಿನಲ್ಲಿ ಜನನ ನೋಂದಣಿ ಮಾಡಿಸಲು ಓಡಾಡುವ ಗೋವಾ ಕುಟುಂಬಗಳಿಗೆ ಆ ಕಚೇರಿಯೇ ದಾರಿ.

ದೊಡ್ಡ ದೇಶಗಳು ಬಾಡಿಗೆದಾರರಾಗಿ ನಿಮ್ಮ ಹತ್ತಿರ ಬರುವುದು ಅಪರೂಪ. ಅಮೆರಿಕದವರು ಬ್ರೀಚ್ ಕ್ಯಾಂಡಿಯ ಲಿಂಕನ್ ಹೌಸ್ ಬಿಟ್ಟು 2011ರಲ್ಲಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ (ಬಿಕೆಸಿ) ಹೊಸ ಕಟ್ಟಡಕ್ಕೆ ಹೋದರು. ಪುಟ್ಟ ದೇಶಕ್ಕೆ ಅದು ಕೈಗೆಟುಕುವುದಿಲ್ಲ. ದೆಹಲಿಯಲ್ಲೂ ಎಂಬಸಿಗಳ ಬಡಾವಣೆಯಾದ ಚಾಣಕ್ಯಪುರಿಯ ವಿಶಾಲ ಜಾಗಗಳು ಸಿಗದವರು ವಸಂತ ವಿಹಾರದಂಥ ಕಡೆ ಮನೆ ಬಾಡಿಗೆಗೆ ಹಿಡಿದು ಬೋರ್ಡ್ ಹಾಕುತ್ತಾರೆ. ನ್ಯೂಯಾರ್ಕಿನಲ್ಲಿ 1983ರಿಂದ ಕಾಮನ್‌ವೆಲ್ತ್‌ನ ಪುಟ್ಟ ದೇಶಗಳಿಗೆಂದೇ ಕಡಿಮೆ ಖರ್ಚಿನ ಒಂದು ಹಂಚಿಕೆಯ ಕಚೇರಿ ಇದೆ. ವಿಶ್ವಸಂಸ್ಥೆಯಲ್ಲಿ ತಮ್ಮ ದನಿ ಕೇಳಿಸಲು ಹಲವು ದೇಶಗಳು ಅಲ್ಲಿ ಒಂದೇ ಸೂರಿನಡಿ ಕೂರುತ್ತವೆ. ಬರ್ಲಿನ್‌ನಲ್ಲಿ 1999ರಲ್ಲಿ ತೆರೆದ ನಾರ್ಡಿಕ್ ಎಂಬಸಿಗಳ ಆವರಣ ನನಗೆ ಬಹಳ ಇಷ್ಟವಾದದ್ದು. ಡೆನ್ಮಾರ್ಕ್, ಫಿನ್ಲೆಂಡ್, ಐಸ್‌ಲ್ಯಾಂಡ್, ನಾರ್ವೆ, ಸ್ವೀಡನ್ ಐದೂ ದೇಶಗಳ ಕಟ್ಟಡಗಳು ಬೇರೆಬೇರೆ, ಸುತ್ತ ಎತ್ತರದ ಒಂದೇ ತಾಮ್ರದ ಗೋಡೆ. ಕಟ್ಟಡಗಳು ನಿಂತಿರುವ ಜಾಗವೂ ಭೂಪಟದಲ್ಲಿ ಆ ದೇಶಗಳು ಇರುವ ಹಾಗೆಯೇ. ಸಭೆ, ಪ್ರದರ್ಶನಗಳಿಗೆ ಎಲ್ಲರಿಗೂ ಸೇರಿದ ಒಂದು ಮನೆ ಇದೆ. ಐಸ್‌ಲ್ಯಾಂಡಿನಂಥ ನಾಲ್ಕು ಲಕ್ಷ ಜನರೂ ಇಲ್ಲದ ದೇಶ ಅಲ್ಲಿ ದೊಡ್ಡವರ ಸಾಲಿನಲ್ಲಿ ಸರಿಸಮ ನಿಂತಿದೆ.

ಪುಟ್ಟ ದೇಶಕ್ಕೆ ಕಟ್ಟಡ ಅಂದರೆ ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಲಿಥುವೇನಿಯಾವನ್ನು ನೋಡಬೇಕು. ವಾಷಿಂಗ್ಟನ್‌ನ 16ನೇ ಬೀದಿಯಲ್ಲಿ ಆ ದೇಶ 1924ರಲ್ಲಿ ಒಂದು ಮನೆ ಕೊಂಡಿತು. 1940ರಲ್ಲಿ ಸೋವಿಯತ್ ಸೇನೆ ದೇಶವನ್ನೇ ನುಂಗಿತು. ಅಮೆರಿಕ ಆ ನುಂಗಾಟವನ್ನು ಒಪ್ಪಲಿಲ್ಲ. ಹಾಗಾಗಿ ಭೂಪಟದಲ್ಲಿ ಇಲ್ಲದ ದೇಶದ ದೂತಾವಾಸ ಆ ಮನೆಯಲ್ಲಿ ಐವತ್ತು ವರ್ಷ ಬಾಗಿಲು ತೆರೆದುಕೊಂಡೇ ಇತ್ತು. ದೇಶ ಮತ್ತೆ ಸ್ವತಂತ್ರವಾದಾಗ ಅದೇ ಮನೆ ಅವರ ಎಂಬಸಿಯಾಗಿ ಮುಂದುವರಿಯಿತು. ರೋಮ್‌ನಲ್ಲಿ ಅದೃಷ್ಟ ಹಾಗಿರಲಿಲ್ಲ. ಅಲ್ಲಿನ ಅವರ ಮನೆ 1940ರಲ್ಲಿ ಸೋವಿಯತ್ತರ ಕೈಗೆ ಹೋಯಿತು, ಮತ್ತೆ ಸಿಗಲಿಲ್ಲ. ನಿಮ್ಮ ಬಾಡಿಗೆದಾರರು ಹಿತ್ತಾಳೆಯ ಒಂದು ಲಾಂಛನಕ್ಕೆ, ಬಾವುಟದ ಜಾಗಕ್ಕೆ ಪಟ್ಟು ಹಿಡಿದರೆ ಈ ಹಿನ್ನೆಲೆ ನೆನಪಿರಲಿ. ಅವರಿಗೆ ಅದು ಅಲಂಕಾರ ಅಲ್ಲ.

ಈಗ ಕರಾರಿನ ಉಳಿದ ವಿಷಯ. ಕರಾರಿಗೆ ಜಾಗದ ನಕ್ಷೆ ಹಚ್ಚಿ, ಕಾನ್ಸುಲೇಟ್ ಕೆಲಸಕ್ಕೆ ಬಳಸುವ ಭಾಗದ ಸುತ್ತ ಕೆಂಪು ಗೆರೆ ಹಾಕಿಸಿ, ಎರಡೂ ಕಡೆಯವರ ಸಹಿ ಅದರ ಮೇಲೇ ಇರಲಿ. ರಕ್ಷಣೆ ಆ ಭಾಗಕ್ಕೆ ಮಾತ್ರ ಅಂತ ಹೇಳಿದೆನಲ್ಲ, ಈ ಗೆರೆ ಅದರ ದಾಖಲೆ. ವೀಸಾ ಕೌಂಟರ್, ಮುದ್ರೆ ಮತ್ತು ಖಾಲಿ ಪಾಸ್‌ಪೋರ್ಟ್ ಇಡುವ ಕಪಾಟಿನ ಕೋಣೆ, ಕಾನ್ಸುಲರ ಕೋಣೆ ಗೆರೆಯ ಒಳಗೆ. ಅದೇ ಜಾಗದಲ್ಲಿ ಅವರ ಟೂರಿಸಂ ಕಚೇರಿಯನ್ನೋ ವಿಮಾನ ಕಂಪನಿಯನ್ನೋ ಕೂರಿಸುವುದಾದರೆ ಅದಕ್ಕೆ ಬೇರೆ ಗೋಡೆ, ಬೇರೆ ಬಾಗಿಲು ಬೇಕು. ಒಪ್ಪಂದದ ಪ್ರಕಾರ ಅದು ಕಾನ್ಸುಲೇಟಿನ ಭಾಗ ಅಲ್ಲ. ಪೈಪ್ ಸೋರಿದರೆ, ಎಸಿ ಕೆಟ್ಟರೆ ನಿಮ್ಮ ಪ್ಲಂಬರ್ ಒಳಗೆ ಹೋಗುವುದು ಹೇಗೆ, ಯಾರಿಗೆ ಫೋನ್ ಮಾಡಬೇಕು, ಅವರು ಎಷ್ಟು ಗಂಟೆಯೊಳಗೆ ಬಿಡಬೇಕು, ಇದನ್ನೂ ಬರೆಸಿ. ಕೆಳಗಿನ ಮಹಡಿಯವರ ಸೀಲಿಂಗ್ ಒದ್ದೆಯಾದಾಗ ಆಗುವ ಜಗಳ ಇದರಿಂದ ತಪ್ಪುತ್ತದೆ.

ತೆರಿಗೆಯಲ್ಲಿ ಮಾಲೀಕರು ಮೋಸ ಹೋಗುವುದುಂಟು. ಕಾನ್ಸುಲೇಟಿಗೆ ತೆರಿಗೆ ಇಲ್ಲ, ಹಾಗಾಗಿ ಪ್ರಾಪರ್ಟಿ ಟ್ಯಾಕ್ಸೂ ಇಲ್ಲ ಅಂತ ಬ್ರೋಕರ್ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕಾನೂನಿನ ಪ್ರಕಾರ ಮಾಲೀಕರು ಕಟ್ಟಬೇಕಾದ ತೆರಿಗೆಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ ಅಂತ 1963ರ ಒಪ್ಪಂದದ 32ನೇ ವಿಧಿಯೇ ಹೇಳುತ್ತದೆ. ಬಿಎಂಸಿ (ಮುಂಬೈ ಪಾಲಿಕೆ) ಬಿಲ್ ನಿಮ್ಮ ಹೆಸರಿಗೇ ಬರುತ್ತದೆ. ಬಾಡಿಗೆಯ ಆದಾಯ ತೆರಿಗೆಯೂ ನಿಮ್ಮದೇ. ನೀರು, ಕರೆಂಟು, ಸೊಸೈಟಿ ಮೇಂಟೆನೆನ್ಸ್ ಇವು ಸೇವೆಗೆ ಕೊಡುವ ಹಣ. ಅದನ್ನು ಅವರು ಕೊಡಬೇಕು, ಕೊಡುತ್ತಾರೆ ಕೂಡ.

ಡಿಪ್ಲೊಮ್ಯಾಟಿಕ್ ಕ್ಲಾಜ್ ಅಂತ ಒಂದು ಷರತ್ತನ್ನು ಅವರೇ ಕೇಳುತ್ತಾರೆ. ಕಾನ್ಸುಲೇಟ್ ಮುಚ್ಚಬೇಕಾಗಿ ಬಂದರೆ ಅವಧಿ ಮುಗಿಯುವ ಮೊದಲೇ ಖಾಲಿ ಮಾಡುವ ಹಕ್ಕು ಅದು. ಇದನ್ನು ಕೊಡಿ, ನ್ಯಾಯವಾದದ್ದೇ. ಪುಟ್ಟ ದೇಶದಲ್ಲಿ ಸರ್ಕಾರ ಬದಲಾದರೆ ಮೊದಲು ಕತ್ತರಿ ಬೀಳುವುದು ಪರದೇಶದ ಕಚೇರಿಗಳಿಗೆ. ಬದಲಿಗೆ ಮೂರು ತಿಂಗಳ ನೋಟಿಸ್, ಮತ್ತು ಹೋಗುವಾಗ ಗೋಡೆ, ಗಾಜಿನ ಕೌಂಟರ್ ಎಲ್ಲಾ ತೆಗೆದು ಮೊದಲಿನ ಹಾಗೆ ಮಾಡಿಕೊಡುವ ಮಾತು ಬರೆಸಿಕೊಳ್ಳಿ. ಕರಾರನ್ನು ರಿಜಿಸ್ಟರ್ ಮಾಡಿಸದೆ ಬಿಡಬೇಡಿ. ಸಹಿ ಹಾಕುವ ಕಾನ್ಸುಲರಿಗೆ ತಮ್ಮ ಸರ್ಕಾರದ ಪರವಾಗಿ ಸಹಿ ಮಾಡುವ ಅಧಿಕಾರ ಪತ್ರ ಇದೆಯಾ ಅಂತಲೂ ನೋಡಿ. ಕೆಲವು ದೇಶಗಳ ಜೊತೆ ಭಾರತಕ್ಕೆ ಪ್ರತ್ಯೇಕ ಕಾನ್ಸುಲರ್ ಒಪ್ಪಂದಗಳಿವೆ, ಅಲ್ಲಿ ರಕ್ಷಣೆ ಇನ್ನೂ ಜಾಸ್ತಿ ಇರಬಹುದು. ದೇಶದ ಹೆಸರು ಗೊತ್ತಾದ ಮೇಲೆ ನಿಮ್ಮ ವಕೀಲರಿಂದ ಅದನ್ನು ನೋಡಿಸಿ.

ಕೊನೆಗೆ ಬಾವುಟ. ಕಟ್ಟಡದ ಮೇಲೆ, ಬಾಗಿಲ ಮೇಲೆ ಬಾವುಟ ಮತ್ತು ಲಾಂಛನ ಹಾಕುವ ಹಕ್ಕು 1963ರ ಒಪ್ಪಂದದ 29ನೇ ವಿಧಿಯಲ್ಲಿ ಅವರಿಗಿದೆ. ಅದನ್ನು ಇಲ್ಲಿನ ಕಾನೂನು, ರೂಢಿ ನೋಡಿಕೊಂಡು ಬಳಸಬೇಕು ಅಂತಲೂ ಅದೇ ವಿಧಿ ಹೇಳುತ್ತದೆ. ಸೊಸೈಟಿ ಇದನ್ನು ತಡೆಯಲು ಹೋಗುವುದು ಬೇಡ, ಜಾಗ ಗೊತ್ತುಮಾಡಲಿ. ಕಂಬ ಎಲ್ಲಿ, ಎಷ್ಟು ಉದ್ದ, ಮಳೆಗಾಲದ ಸಮುದ್ರ ಗಾಳಿಗೆ ಅದು ತಡೆಯುತ್ತದಾ ಅಂತ ಬಿಲ್ಡಿಂಗಿನ ಎಂಜಿನಿಯರ್ ಒಮ್ಮೆ ನೋಡಲಿ. ಆ ಚಿತ್ರವನ್ನೂ ಸೊಸೈಟಿಯ ಎನ್‌ಒಸಿಯ ಜೊತೆಗೇ ಕರಾರಿಗೆ ಹಚ್ಚಿ. ವೀಸಾಕ್ಕೆ ಬರುವವರ ಸಾಲು ಲಿಫ್ಟಿನ ಮುಂದೆ ನಿಲ್ಲದ ಹಾಗೆ ಕೂರಿಸುವ ಜಾಗ ನಿಮ್ಮ ಮಹಡಿಯ ಒಳಗೇ ಇರಬೇಕು ಅನ್ನುವ ಷರತ್ತನ್ನೂ ಅದರಲ್ಲೇ ಸೇರಿಸಿದರೆ ಸೊಸೈಟಿಯವರು ಒಪ್ಪುವುದು ಇನ್ನೂ ಸುಲಭ.